ಹಿಂದೆ ಬೀಳುವ ಗಡಿಯಾರದ ಪರವಾಗಿ

ನಮ್ಮ ಮನೆಯಲ್ಲಿ ಕೀಲಿ ಕೊಡುವ ಹಳೆಯ ಎಚ್.ಎಂ.ಟಿ. ಕೈಗಡಿಯಾರವೊಂದಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರಖಾನೆಯ ಪೀಳಿಗೆಯದು. ದಿನಕ್ಕೆ ಇಪ್ಪತ್ತು ಸೆಕೆಂಡು ಹಿಂದೆ ಬೀಳುತ್ತದೆ. "ಮೂಲೆಗೆ ಹಾಕಿರಿ" ಎನ್ನುತ್ತಾರೆ ಮನೆಯವರು. ನಾನು ಒಪ್ಪುವುದಿಲ್ಲ. ದಿನಾಲು ಅಷ್ಟೇ ತಪ್ಪುವ ಗಡಿಯಾರ ನಂಬಿಗಸ್ತ. ಲೆಕ್ಕ ಹಾಕಿ ಸರಿಯಾದ ವೇಳೆ ಹೇಳಬಹುದು. ಇಂದು ಮುಂದೋಡಿ ನಾಳೆ ಹಿಂದುಳಿಯುವುದೇ ಕೆಟ್ಟ ಗಡಿಯಾರ.

ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. (ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿ ನೋಡಿರಿ, ವಿದ್ಯಾರ್ಥಿಗಳೇ!) ಸೆಕೆ, ಚಳಿಗೆ ಅದೂ ತುಸು ತಪ್ಪುತ್ತದೆ. 1967ರಲ್ಲಿ ಸೀಸಿಯಂ ಪರಮಾಣುವಿನ ವಿಕಿರಣದ 9,19,26,31,770 ಕಂಪನಗಳ ಕಾಲವನ್ನೇ ಒಂದು ಸೆಕೆಂಡು ಎಂದು ಗೊತ್ತುಪಡಿಸಿದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದಲೇ ಭಾರತದ ವೇಳೆಯನ್ನು ಕಾಯುತ್ತದೆ.

ಆ ವೇಳೆ 82½ ಡಿಗ್ರಿ ರೇಖಾಂಶದ್ದು. ಚಂದಗಡ ಅಲ್ಲಿಂದ ಎಂಟು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ನಮ್ಮಲ್ಲಿ ಕೋಲಿನ ನೆರಳು ಅತಿ ಗಿಡ್ಡವಾಗುವುದು ಹನ್ನೆರಡೂವರೆಯ ಆಸುಪಾಸಿನಲ್ಲಿ.

ಪಾಲಕರಲ್ಲಿ ನನ್ನ ವಿನಂತಿ: ಹೊಸ ಗಡಿಯಾರ ಕೊಡಿಸುವ ಮೊದಲು ಮಗುವಿಗೆ ಹಳೆಯದೊಂದನ್ನೂ ಒಂದು ವಹಿಯನ್ನೂ ಕೊಡಿರಿ. ದಿನಾಲು ಮೊಬೈಲಿನ ವೇಳೆಯೊಡನೆ ತಾಳೆ ನೋಡಿ ಅಂತರ ಬರೆದಿಡಲಿ. ನನ್ನ ವಹಿಯಲ್ಲಿ ಮೂರು ತಿಂಗಳ ಅಂಕಿಗಳಿವೆ. ಮನೆಯವರು ಇನ್ನೂ ಓದಿಲ್ಲ.