ಕಿವಿಗೂ ಒಂದು ತಕ್ಕಡಿ

ಹಾಡು ಕೇಳಲು ಹೊಸ ಡಿ.ಎ.ಸಿ., ದುಬಾರಿ ಕೇಬಲ್ ಬೇಕೆಂದು ಮಕ್ಕಳು ಹಟ ಹಿಡಿದರೆ ಗದರಿಸಬೇಡಿ. ಮೊದಲು ಸರಕು ಏನೆಂದು ತಿಳಿಯೋಣ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಹಾಡು ಅಂಕಿಗಳ ರೂಪದಲ್ಲಿರುತ್ತದೆ. ಎಡ, ಬಲ ಒಂದೊಂದಕ್ಕೂ ಸೆಕೆಂಡಿಗೆ 44,100 ಅಳತೆ. ಆ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿಸುವುದೇ ಡಿ.ಎ.ಸಿ. ಕೆಲಸ. ಫೋನು, ಟಿ.ವಿ., ಕಂಪ್ಯೂಟರಿನಲ್ಲಿ ಅದು ಆಗಲೇ ಇದೆ. ಹಾಡಿನೊಳಗೆ ಕಂಪ್ಯೂಟರಿನ ಕರಕರ ಸದ್ದು ಸೇರುತ್ತಿದ್ದರೆ ಅಥವಾ ಬೇಕಾದ ಜೋಡಣೆ ಇಲ್ಲದಿದ್ದರೆ ಬೇರೆಯದು ಕೊಳ್ಳುವುದರಲ್ಲಿ ಅರ್ಥವಿದೆ.

ಅಂಕಿ ಒಯ್ಯುವ ಕೇಬಲ್ ಹುಂಡಿ ಒಯ್ಯುವ ಆಳಿನಂತೆ. ಹುಂಡಿ ಸರಿಯಾಗಿ ತಲುಪಿದರೆ ಸಾಕು; ಆಳು ರೇಷ್ಮೆ ಪೇಟ ಸುತ್ತಿದರೆ ಮೊತ್ತ ಹೆಚ್ಚದು. ಸ್ಪೀಕರಿಗೆ 15 ಅಡಿಯೊಳಗೆ 2.5 ಚದರ ಮಿ.ಮೀ. ತಾಮ್ರದ ತಂತಿ ಧಾರಾಳವಾಯಿತು.

ಕೊಳ್ಳುವ ಮುನ್ನ ಹಳೆಯದು, ಹೊಸದು ಎರಡರ ಸದ್ದನ್ನೂ ಸಮ ಮಾಡಿ. ತುಸು ಜೋರಾದದ್ದೇ ಕಿವಿಗೆ ಚೆನ್ನೆನಿಸುತ್ತದೆ. ಅದು ತಕ್ಕಡಿಯ ತಟ್ಟೆಗೆ ಬೆರಳು ಒತ್ತಿದಂತೆ. ಯಾವುದೆಂದು ಹೇಳದೆ ಹತ್ತು ಸಲ ಕೇಳಿಸಿ. ಒಂಬತ್ತು ಸಲ ಗುರುತಿಸಿದರೆ ಸಂತೋಷದಿಂದ ಕೊಡಿಸಿ. ಇಲ್ಲವಾದರೆ ಆ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕಿ. ವ್ಯತ್ಯಾಸ ಅಡುಗೆಮನೆಯವರಿಗೂ ಕೇಳಿಸುತ್ತದೆ. ಹಣ ಉಳಿಯುತ್ತದೆ, ಮಕ್ಕಳ ಮನಸ್ಸೂ ನೋಯುವುದಿಲ್ಲ.