ಅನುಭವಿಸಿಯೇ ತೀರಬೇಕೇ?

"ಪಡೆದುಕೊಂಡು ಬಂದದ್ದು, ಅನುಭವಿಸಿಯೇ ತೀರಬೇಕು" ಎಂಬ ಮಾತನ್ನು ಕಾಯಿಲೆಯವರ ಮನೆಯಲ್ಲಿ ಇನ್ನು ಯಾರೇ ಆಡಲಿ, ನಾನಂತೂ ಕೇಳಿಕೊಂಡು ಸುಮ್ಮನಿರುವುದಿಲ್ಲ. ಆಡುವವರು ಕೆಟ್ಟವರೇನಲ್ಲ. ಅರ್ಧ ಡಜನ್ ಮೋಸಂಬಿ ಹಿಡಿದು ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ ಪಾಪ, ಎಷ್ಟು ಇಳಿದುಹೋಗಿದ್ದಾಳೆ" ಎಂದು ರೋಗಿಗೆ ಕೇಳಿಸುವ ಹಾಗೆಯೇ ಹೇಳಿ, ಕಾಫಿ ಕುಡಿದು ಹೋಗುವವರು. ಇದಕ್ಕೆ ನಾವು ಕರುಣೆ ಎಂದು ಹೆಸರಿಟ್ಟಿದ್ದೇವೆ. ನರಳುವವರ ನರಳಾಟ ಗುಲಗಂಜಿಯಷ್ಟೂ ಕಡಿಮೆಯಾಗದಿದ್ದರೆ ಅದೆಂಥ ಕರುಣೆ?

ನನ್ನ ಅತ್ತಿಗೆಗೆ ಸ್ತನದ ಕ್ಯಾನ್ಸರು ಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಿದರೆ ಪಕ್ಕದ ಮನೆಗೆ ಕೇಳುವಂತೆ ಕೂಗಿಕೊಳ್ಳುತ್ತಿದ್ದರು. ಊರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ಎರಡು ಗಂಟೆಯೂ ತಡೆಯುತ್ತಿರಲಿಲ್ಲ. "ಮಾರ್ಫಿನ್ ಕೊಡಬಹುದಲ್ಲವೇ?" ಎಂದು ಕೇಳಿದೆ. "ಮೇಡಂ, ಅದು ಚಟ ಹಿಡಿಸುತ್ತೆ" ಎಂದರು. ಇನ್ನೆರಡು ತಿಂಗಳು ಬದುಕಿದ್ದರೆ ಹೆಚ್ಚು ಎಂದು ಅವರೇ ಹೇಳಿದ್ದ ಹೆಂಗಸಿಗೆ ಚಟ! ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅದೇ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಟ್ಟರು, ಮಲಬದ್ಧತೆಯಾಗದಂತೆ ಜೊತೆಗೆ ಇನ್ನೊಂದು ಔಷಧಿ. ನಾಲ್ಕನೆಯ ದಿನ ಅತ್ತಿಗೆ ದಿಂಬಿಗೊರಗಿ ಕೂತು, ಸೊಸೆ ಮಾಡಿದ ಸಾರಿಗೆ ಉಪ್ಪು ಸಾಲದೆಂದು ಗೊಣಗಿದರು. ಏಳು ವಾರಕ್ಕೆ ತೀರಿಕೊಂಡರು, ನಿಜ. ಆದರೆ ಆ ಏಳು ವಾರ ರಾತ್ರಿ ನಿದ್ದೆ ಮಾಡಿದರು.

ಇದೇನು ಹೊರದೇಶದ ದುಬಾರಿ ಮದ್ದಲ್ಲ. ಅಫೀಮಿನಿಂದ ತೆಗೆಯುವಂಥದ್ದು. ಆ ಅಫೀಮನ್ನು ಸರ್ಕಾರದ ಪರವಾನಗಿಯಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಬೆಳೆಯುತ್ತಾರೆ. ಆದರೂ ನಮ್ಮವರಿಗೇ ಸಿಗಲಿಲ್ಲ. ಮಾದಕ ವಸ್ತುಗಳನ್ನು ತಡೆಯಲು 1985ರಲ್ಲಿ ಬಂದ ಕಾನೂನು ಕಳ್ಳಸಾಗಣೆದಾರರ ಜೊತೆಗೆ ರೋಗಿಗಳನ್ನೂ ಕಟ್ಟಿಹಾಕಿತು. ಹಲವು ಲೈಸೆನ್ಸು, ಕಠಿಣ ಶಿಕ್ಷೆ. ಆಸ್ಪತ್ರೆಗಳು ಈ ತಂಟೆಯೇ ಬೇಡವೆಂದು ಮದ್ದನ್ನು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾನೂನು ತಿದ್ದಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಸುಲಭವಾಗಿ ಇಟ್ಟುಕೊಳ್ಳಲು ದಾರಿ ಮಾಡಿದರು. ಕಾನೂನು ಸಡಿಲವಾಯಿತು, ಡಾಕ್ಟರುಗಳ ಹೆದರಿಕೆ ಸಡಿಲವಾಗಲಿಲ್ಲ. ಕ್ಯಾನ್ಸರಿನ ನೋವಿಗೆ ಅಳತೆಯಲ್ಲಿ ಕೊಟ್ಟರೆ ಚಟವಾಗುವುದು ಅಪರೂಪ ಎಂಬುದು ಅವರ ಪುಸ್ತಕದಲ್ಲೇ ಇದೆ.

ಡಾಕ್ಟರುಗಳನ್ನು ಮಾತ್ರ ಏಕೆ ಬಯ್ಯಲಿ? ಮನೆಯಲ್ಲಿ ಗಂಡಸು ನರಳಿದರೆ ಮಧ್ಯರಾತ್ರಿಯಲ್ಲೂ ಆಟೋ ಬರುತ್ತದೆ. ಹೆಂಗಸು ನರಳಿದರೆ "ಹೆರಿಗೆ ನೋವು ತಡೆದವಳು, ಇಷ್ಟು ತಡೆದುಕೊಳ್ಳಲಾರಳೇ?" ಎನ್ನುತ್ತೇವೆ. ಈ ಮಾತು ಹೆಚ್ಚಾಗಿ ಬರುವುದು ನಮ್ಮ ಬಾಯಿಂದಲೇ, ಅತ್ತೆಯರ, ನಾದಿನಿಯರ ಬಾಯಿಂದ. ಸಹಿಸುವುದನ್ನೇ ಹೆಣ್ಣಿನ ಗುಣವೆಂದು ಕಲಿಸಿದವರು ನೋವಿಗೆ ಮದ್ದು ಕೇಳುವುದನ್ನು ಕಲಿಸಲಿಲ್ಲ. ದಯೆಯ ಮೇಲಿನ ವಚನವನ್ನು ನಾನು ಪ್ರತಿ ವರ್ಷ ಮಕ್ಕಳಿಂದ ಕಂಠಪಾಠ ಮಾಡಿಸುತ್ತೇನೆ. ಎಷ್ಟು ಜನ ಸ್ಪಷ್ಟವಾಗಿ ಹೇಳುತ್ತಾರೆಂದರೆ ಇನ್‌ಸ್ಪೆಕ್ಟರು ಬಂದಾಗಲೆಲ್ಲ ಹೆಮ್ಮೆಯೇ. ಅದರ ಅರ್ಥ ಕೇಳಿದರೆ ಮಾತ್ರ ಮಕ್ಕಳು ಭಿಕ್ಷುಕನಿಗೆ ನಾಲ್ಕಾಣೆ ಹಾಕುವ ಉದಾಹರಣೆ ಕೊಡುತ್ತಾರೆ. ನಾಲ್ಕಾಣೆ ಚಲಾವಣೆ ನಿಂತು ವರ್ಷಗಳಾದವು, ಉದಾಹರಣೆ ನಿಂತಿಲ್ಲ.

ಪಕ್ಕದ ಕೇರಳವನ್ನು ನೋಡಿ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ರಾಜಗೋಪಾಲ್ ಮತ್ತು ಅವರ ಸಂಗಡಿಗರು ನೋವು ಶಮನಕ್ಕೆಂದೇ ಒಂದು ಸಂಘ ಶುರುಮಾಡಿದರು. ಮುಂದೆ ಅದು ಆಸ್ಪತ್ರೆಯ ಗೋಡೆ ದಾಟಿತು. ನಮ್ಮಂಥದೇ ಗೃಹಿಣಿಯರು, ಅಂಗಡಿಯವರು, ಕಾಲೇಜು ಹುಡುಗರು ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ನರ್ಸಿನ ಜೊತೆ ಹೋಗತೊಡಗಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು. ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಒಂದು ಪೈಸೆ ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ. ಆದರೆ ಬೆಂಗಳೂರಿಗೆ ಹೋಗಲಾರದವರು ನಮ್ಮ ನಮ್ಮ ಬೀದಿಗಳಲ್ಲೇ ಮಲಗಿದ್ದಾರಲ್ಲ?

ನಮ್ಮೂರಿನ ಮಹಿಳಾ ಸಮಾಜ ವರ್ಷಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುತ್ತದೆ. ಈ ಸಲ ಹಣ್ಣಿನ ಬುಟ್ಟಿ ಬದಿಗಿಟ್ಟು, "ಇಲ್ಲಿ ಮಾರ್ಫಿನ್ ಮಾತ್ರೆ ಸಿಗುತ್ತದೆಯೇ? ಸಿಗದಿದ್ದರೆ ಅನುಮತಿಗೆ ಅರ್ಜಿ ಹಾಕಿದ್ದೀರಾ?" ಎಂದು ದೊಡ್ಡ ಡಾಕ್ಟರನ್ನು ಕೇಳೋಣ ಎಂದೆ. ಕಾರ್ಯದರ್ಶಿಗೆ ಮುಖ ಚಿಕ್ಕದಾಯಿತು. ಹಣ್ಣಿಗೆ ಆಗಲೇ ಮುಂಗಡ ಕೊಟ್ಟಾಗಿದೆಯಂತೆ. ಕೊಟ್ಟಿರಲಿ, ಹಣ್ಣನ್ನೂ ಹಂಚಲಿ. ಪ್ರಶ್ನೆಯನ್ನು ನಾನು ಕೇಳುತ್ತೇನೆ. ಜೊತೆಗೆ ಬರಲು ಇಬ್ಬರು ಒಪ್ಪಿದ್ದಾರೆ.