ಅಜ್ಜಿ ಹತ್ರ ಒಂದು ಆಲ್ಬಂ ಇತ್ತು

1/7
ಫೋಟೋ ಜೂಮ್ ಮಾಡ್ಬೇಡಿ, ಅದು ಬರೀ ಕ್ಯಾಸೆಟ್ಟು. ಪಕ್ಕದಲ್ಲಿರೋದು ಪೆನ್ಸಿಲ್ಲು. ಆ ಎರಡಕ್ಕೂ ಏನ್ ಸಂಬಂಧ ಅಂತ ಗೊತ್ತಿಲ್ಲದವರು ಮನೇಲಿ ಅಪ್ಪನ್ನ ಕೇಳಿ, ಅರ್ಧ ಗಂಟೆ ಕಥೆ ಗ್ಯಾರಂಟಿ.

ಹೋದ ಸಲದ ಬೆಣ್ಣೆದೋಸೆ ಪೋಸ್ಟಿನ ಜಗಳ ಕಾಮೆಂಟಲ್ಲಿ ಇನ್ನೂ ನಡೀತಾ ಇದೆ, ನಡೀಲಿ. ಈ ಸಲ ಬೇರೆ ವಿಷಯ. ಮೊನ್ನೆ ಕ್ಯಾಂಟೀನಲ್ಲಿ ನಮ್ಮವನೊಬ್ಬ ಹೇಳಿದ, "ಆಲ್ಬಂ ಅನ್ನೋದು ಸತ್ತೋಯ್ತು ಕಣೋ, ಈಗ ಮೂವತ್ತು ಸೆಕೆಂಡ್ ಹುಕ್ ಇದ್ರೆ ಸಾಕು." ಹೆಸರು ಹಾಕಲ್ಲ, ಓದಿದ್ರೆ ಅವನಿಗೇ ಗೊತ್ತಾಗುತ್ತೆ. ಇನ್ನೊಬ್ಬಳು ಸೇರಿಸಿದಳು, "ಅದೂ ದಾವಣಗೆರೆಯಲ್ಲಿ ಕೂತು ಆಲ್ಬಂ ಮಾಡೋದಾ? ಸ್ಟುಡಿಯೋ ಎಲ್ಲೈತೆ?" ನಾನು ಅವತ್ತು ಮಾತಾಡ್ಲಿಲ್ಲ. ಯಾಕೆ ಅಂತ ಐದನೇ ಪೋಸ್ಟಲ್ಲಿ ಹೇಳ್ತೀನಿ. ಅಲ್ಲಿಗೆ ನೇರ ಹಾರಬೇಡಿ, ಮಧ್ಯದಲ್ಲಿ ಇರೋದೂ ಬೇಕು.

2/7
ಮೊದಲು ಸ್ಟುಡಿಯೋ ವಿಷಯ. ನಮ್ಮ ತಲೇಲಿ ಆಲ್ಬಂ ಅಂದ್ರೆ ಗಾಜಿನ ರೂಮು, ಸಾವಿರ ಬಟನ್ನು, ಎಸಿ. ಬ್ರಿಟನ್ನಿನ ದೊಡ್ಡ ದೊಡ್ಡ ಆಲ್ಬಂಗಳು ಎಲ್ಲಿ ಹುಟ್ಟಿದವು ಅಂತ ನೋಡಿದ್ರೆ ಈ ಚಿತ್ರ ಒಡೆದುಹೋಗುತ್ತೆ.

ಬೀಟಲ್ಸ್ ಮೊದಲನೇ ಆಲ್ಬಂ 'ಪ್ಲೀಸ್ ಪ್ಲೀಸ್ ಮಿ'. ಅದರಲ್ಲಿ 14 ಹಾಡು. ಅದರಲ್ಲಿ 10 ಹಾಡನ್ನ ಒಂದೇ ದಿನದಲ್ಲಿ, 1963ರ ಫೆಬ್ರವರಿ 11ರಂದು ಹಾಡಿ ಮುಗಿಸಿದ್ರು. ಲೆನನ್‌ಗೆ ಅವತ್ತು ಶೀತ ಬೇರೆ. ಗಂಟಲು ಪೂರ್ತಿ ಹೋಗೋ ಮುಂಚೆ ಅಂತ ಕಿರುಚಾಟದ ಹಾಡನ್ನ ಕೊನೆಗಿಟ್ಟಿದ್ರು. ಆ ಒಡಕು ದನಿ ಇವತ್ತಿಗೂ ಹಾಗೇ ಕೇಳುತ್ತೆ. ಯಾರೂ ಅದನ್ನ ನುಣ್ಣಗೆ ಮಾಡಕ್ಕೆ ಹೋಗಲಿಲ್ಲ.

ಅದಾದ್ರೂ ಅಬೀ ರೋಡ್, ದೊಡ್ಡ ಜಾಗ ಅಂತೀರಾ? ಸರಿ. ಲಂಡನ್ನಿನ ಚೆಲ್ಸಿಯಲ್ಲಿ ಸೌಂಡ್ ಟೆಕ್ನಿಕ್ಸ್ ಅಂತ ಒಂದು ಸ್ಟುಡಿಯೋ ಇತ್ತು. ಬ್ರಿಟಿಷ್ ಫೋಕ್ ಸಂಗೀತದ ಎಷ್ಟೋ ಒಳ್ಳೆ ರೆಕಾರ್ಡುಗಳು ಅಲ್ಲೇ ಆದವು. ಆ ಕಟ್ಟಡ ಮೊದಲು ಏನಾಗಿತ್ತು ಗೊತ್ತಾ? ಹಾಲಿನ ಡೇರಿ. 1971ರಲ್ಲಿ ನಿಕ್ ಡ್ರೇಕ್ ಅನ್ನೋ ಹುಡುಗ ಅಲ್ಲಿ ರಾತ್ರಿ ಹೊತ್ತು ಹೋಗಿ, ಎರಡೇ ರಾತ್ರೀಲಿ 'ಪಿಂಕ್ ಮೂನ್' ಮುಗಿಸಿದ. ಒಂದು ಗಿಟಾರು, ಒಂದು ದನಿ, ಒಂದು ಹಾಡಿಗೆ ಸ್ವಲ್ಪ ಪಿಯಾನೋ. ಒಟ್ಟು ಆಲ್ಬಂ ಅರ್ಧ ಗಂಟೆಗಿಂತ ಕಮ್ಮಿ. ನಮ್ಮ ಹರಿಹರದ ಬಸ್ಸು ಊರು ಮುಟ್ಟೋದ್ರೊಳಗೆ ಮುಗಿಯುತ್ತೆ.

ಇನ್ನೊಂದು, ವೇಲ್ಸಿನ ರಾಕ್‌ಫೀಲ್ಡ್. ಅದು ಹೊಲಮನೆ, ಹೈನು ಮಾಡ್ತಿದ್ದ ಮನೆ. ಅಣ್ಣ ತಮ್ಮ ಇಬ್ಬರು 1960ರ ದಶಕದಲ್ಲಿ ಅದನ್ನೇ ಸ್ಟುಡಿಯೋ ಮಾಡಿದ್ರು. ಕ್ವೀನ್ ಬ್ಯಾಂಡ್ 1975ರಲ್ಲಿ ಅಲ್ಲಿ ಬಂದು ಉಳ್ಕೊಂಡು ಕೆಲಸ ಮಾಡ್ತು. ದಾವಣಗೆರೆ ಸುತ್ತ ಹೊಲಮನೆಗೆ ಬರ ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?

3/7
ಈಗ ನನಗೆ ತುಂಬಾ ಇಷ್ಟವಾದ ಕಥೆ. ಸ್ವಲ್ಪ ನಿಧಾನಕ್ಕೆ ಓದಿ.

ಫೇರ್‌ಪೋರ್ಟ್ ಕನ್ವೆನ್ಷನ್ ಅಂತ ಒಂದು ಬ್ಯಾಂಡು. ಎಲ್ಲಾ ನಮ್ಮ ವಯಸ್ಸಿನವರೇ. 1969ರ ಮೇ ತಿಂಗಳು, ಕಾರ್ಯಕ್ರಮ ಮುಗಿಸಿ ರಾತ್ರಿ ವಾಪಸ್ ಬರೋವಾಗ ವ್ಯಾನು ಪಲ್ಟಿ ಆಯ್ತು. ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಹೋದ, 19 ವರ್ಷ. ಗಿಟಾರ್ ನುಡಿಸೋನ ಗೆಳತಿಯೂ ಹೋದಳು. ಬ್ಯಾಂಡ್ ಮುಗೀತು ಅಂತ್ಲೇ ಎಲ್ಲರೂ ಅಂದ್ಕೊಂಡಿರ್ತಾರೆ. ಇವರು ಒಂದು ಹಳ್ಳಿ ಕಡೆ ಮನೆ ಬಾಡಿಗೆಗೆ ಹಿಡಿದು, ಒಂದು ಬೇಸಿಗೆ ಪೂರ್ತಿ ಒಟ್ಟಿಗೆ ಇದ್ರು. ಅಮೆರಿಕದ ಥರ ಹಾಡೋದು ಬಿಟ್ಟು, ತಮ್ಮದೇ ನೆಲದ ಹಳೇ ಲಾವಣಿಗಳನ್ನ ಎತ್ಕೊಂಡ್ರು. ಅದಕ್ಕೇ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು ಸೇರಿಸಿದ್ರು. ಅದೇ ವರ್ಷ ಡಿಸೆಂಬರಲ್ಲಿ 'ಲೀಜ್ ಅಂಡ್ ಲೀಫ್' ಬಂತು. ರೆಕಾರ್ಡ್ ಆಗಿದ್ದು ಎಲ್ಲಿ? ಅದೇ ಹಾಲಿನ ಡೇರೀಲಿ.

ಆ ಲಾವಣಿಗಳು ಅವರಿಗೆ ಹೆಂಗೆ ಸಿಕ್ಕವು? ಅವರಿಗಿಂತ ಅರವತ್ತು ವರ್ಷ ಮುಂಚೇನೇ ಯಾರೋ ಕೂತು ಬರ್ಕೊಂಡಿದ್ರು. 1903ರಲ್ಲಿ ಸೆಸಿಲ್ ಶಾರ್ಪ್ ಅನ್ನೋರು ಒಂದು ಹಳ್ಳೀಲಿ ತೋಟದ ಕೆಲಸದವನೊಬ್ಬ ಹಾಡ್ಕೋತಿದ್ದಿದ್ದು ಕೇಳಿ ಬರ್ಕೊಂಡ್ರು. ಅಲ್ಲಿಂದ ಶುರುವಾಗಿ ಸಾವಿರಾರು ಹಾಡು ಕೂಡಿಟ್ರು. ಆ ತೋಟದವನ ಹೆಸರು ಜಾನ್ ಇಂಗ್ಲೆಂಡ್. ನೂರಿಪ್ಪತ್ತು ವರ್ಷ ಆದಮೇಲೂ ಅವನ ಹೆಸರು ದಾವಣಗೆರೇಲಿ ಕೂತಿರೋ ನನಗೆ ಗೊತ್ತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕು.

ನಮ್ಮಲ್ಲೂ ಮಾಡಿದಾರೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದ್ರು. ಮನೆ ಮನೆ ಹೆಣ್ಣುಮಕ್ಕಳ ಪದಗಳು ಅಚ್ಚಾದವು. ಅವರಿಗೆ ಎಷ್ಟು ಕೈ ಮುಗಿದ್ರೂ ಸಾಲದು. ಆದ್ರೆ ಪುಸ್ತಕದಲ್ಲಿ ಪದ ಉಳಿಯುತ್ತೆ, ದನಿ ಉಳಿಯಲ್ಲ.

4/7
"ಅದೆಲ್ಲ ಫಾರಿನ್ನು" ಅನ್ನೋರಿಗೆ ನಮ್ಮ ಪಟ್ಟಿ.

1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಪದ್ಯ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಕನ್ನಡದಲ್ಲಿ ಭಾವಗೀತೆಯ ಮೊದಲ ಕ್ಯಾಸೆಟ್ ಅಂತ ಅದನ್ನೇ ಹೇಳ್ತಾರೆ. ಸಿನಿಮಾ ಇಲ್ಲ, ಹೀರೋ ಇಲ್ಲ, ಒಬ್ಬ ಕವಿಯ ಪದ್ಯಗಳು, ಅಷ್ಟೇ. ಆಮೇಲೆ ಸಿ. ಅಶ್ವತ್ಥ್ ಶಿಶುನಾಳ ಷರೀಫರ ಪದಗಳನ್ನ ಎತ್ಕೊಂಡ್ರು. ಷರೀಫರು ತೀರಿಕೊಂಡಿದ್ದು 1889ರಲ್ಲಿ. ಶಿಶುನಾಳ ನಮ್ಮ ಪಕ್ಕದ ಹಾವೇರಿ ಜಿಲ್ಲೇಲೇ ಇರೋದು. ನೂರು ವರ್ಷದ ಹಿಂದಿನ ಪದ ಟೇಪಿಗೆ ಬಂದು, ಅಲ್ಲಿಂದ ಆಟೋಗೆ, ಗಣಪತಿ ಪೆಂಡಾಲಿಗೆ ಬಂತು. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಂ ಬಂದಾಗ ಅದರಲ್ಲೂ ಷರೀಫರ ಗುಡಗುಡಿ ಪದ ಇತ್ತು. ಎರಡೇ ವರ್ಷಕ್ಕೆ ಅವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋನಲ್ಲಿ ಪಂಚೆ ಕಟ್ಕೊಂಡು, ಗೆಜ್ಜೆ ಹಾಕ್ಕೊಂಡು ನಿಂತಿದ್ರು.

ಬೆಂಗಳೂರಿನ ಸ್ವರಾತ್ಮ ಬ್ಯಾಂಡ್ ಗೊತ್ತಲ್ಲ? 2009ರಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಒಂದು ಯೋಜನೇಲಿ ಅವರ ಹಾಡಿಗೆ ಪ್ರೊಡ್ಯೂಸರ್ ಆಗಿದ್ದು ಜಾನ್ ಲೆಕಿ. ಈ ಮನುಷ್ಯ 1970ರಲ್ಲಿ ಅಬೀ ರೋಡಿಗೆ ಟೇಪ್ ಆಪರೇಟರ್ ಆಗಿ ಸೇರಿದವರು, ಆಮೇಲೆ ಸ್ಟೋನ್ ರೋಸಸ್, ರೇಡಿಯೋಹೆಡ್ ಆಲ್ಬಂ ಮಾಡಿದವರು.

ಜಾಸ್ ಕೇಳೋ ಮೂರು ಜನಕ್ಕೆ (ನೀವ್ಯಾರು ಅಂತ ನನಗೆ ಗೊತ್ತು): 1966ರಲ್ಲಿ ಲಂಡನ್ನಿನಲ್ಲಿ ಜಮೈಕಾದ ಜೋ ಹ್ಯಾರಿಯಟ್, ಕಲ್ಕತ್ತದ ಜಾನ್ ಮೇಯರ್ ಸೇರಿ ಐದು ಜನ ಜಾಸ್‌ನವರು, ಐದು ಜನ ನಮ್ಮ ವಾದ್ಯದವರನ್ನ ಒಂದೇ ರೂಮಲ್ಲಿ ಕೂರಿಸಿ ಆಲ್ಬಂ ಮಾಡಿದ್ರು. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರು ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆ 'ಜ್ಯೋತಿ' ಮಾಡಿದ್ರು. ರಮಾಮಣಿಯವರ ದನಿ ಕೇಳಿ. ಹೆಡ್‌ಫೋನ್ ಹಾಕ್ಕೊಂಡು, ಶುರುವಿಂದ.

5/7
ಈಗ ನಾನು ಯಾಕೆ ಸುಮ್ನಿದ್ದೆ ಅಂತ.

ನಮ್ಮಜ್ಜಿ ಮನೆ ಹರಿಹರದಲ್ಲಿ, ಹರಿಹರೇಶ್ವರ ದೇವಸ್ಥಾನದಿಂದ ನಡ್ಕೊಂಡು ಹೋಗೋ ದೂರ. ಅಜ್ಜಿ ಹಾಡೋರು. ಸ್ಟೇಜಲ್ಲಲ್ಲ. ಮದುವೆ ಮನೇಲಿ, ತೊಟ್ಟಿಲಿಗೆ ಹಾಕೋವಾಗ, ಹೊಳೆಗೆ ಪೂಜೆ ಮಾಡೋವಾಗ. ಜೊತೆಗೆ ಓಣಿಯ ಇನ್ನೂ ನಾಲ್ಕೈದು ಜನ ಅಜ್ಜೀರು. ಒಬ್ಬರು ಎತ್ತಿದ್ರೆ ಉಳಿದವರು ಹಿಡಿಯೋರು. ನಾನು ಸಣ್ಣವನಿದ್ದಾಗ ನಿದ್ದೆ ಬರ್ತಿತ್ತು, ದೊಡ್ಡವನಾದ ಮೇಲೆ ನಾಚಿಕೆ ಆಗ್ತಿತ್ತು.

ಎರಡು ವರ್ಷದ ಹಿಂದೆ ಅಕ್ಕನ ಮದುವೇಲಿ ಅರಿಶಿನದ ದಿನ ಅಜ್ಜಿ ಹಾಡಿದ್ರು. ನಾನು ಫೋನಲ್ಲಿ ವಿಡಿಯೋ ಮಾಡಿದೆ. ಹನ್ನೊಂದು ನಿಮಿಷ. ಸ್ಟೋರಿಗೆ ಹಾಕೋಕೆ ಮೂವತ್ತು ಸೆಕೆಂಡ್ ಕತ್ತರಿಸಿದೆ. ಅಜ್ಜಿ ದನಿ "ನೀಟಾಗಿ ಕೇಳ್ತಿಲ್ಲ" ಅಂತ ಮ್ಯೂಟ್ ಮಾಡಿ ಅವತ್ತಿನ ಟ್ರೆಂಡಿಂಗ್ ಆಡಿಯೋ ಹಾಕಿದೆ. ನಿಮ್ಮಲ್ಲೂ ಎಷ್ಟೋ ಜನ ಹಾರ್ಟ್ ಒತ್ತಿದ್ರಿ. ಅದಾಗಿ ತಿಂಗಳಿಗೆ ಫೋನ್ ಸ್ಟೋರೇಜ್ ಫುಲ್ ಅಂತ ಬಂತು. ದೊಡ್ಡ ಫೈಲುಗಳನ್ನ ಮೊದಲು ಅಳಿಸಿದೆ.

ಅಜ್ಜಿ ಹೋದ ಕಾರ್ತಿಕದಲ್ಲಿ ತೀರಿಕೊಂಡ್ರು.

ನನ್ನ ಹತ್ರ ಈಗ ಅವರ ಬಾಯಿ ಅಲ್ಲಾಡೋ ಮೂವತ್ತು ಸೆಕೆಂಡ್ ಇದೆ. ಹಿಂದೆ ಯಾವುದೋ ಬೀಟು. ಅಮ್ಮ ಒಂದು ಸಲ "ಸೌಂಡ್ ಕೊಡೋ" ಅಂದ್ರು. ನಾನು ಸ್ಪೀಕರ್ ಸರಿಯಿಲ್ಲ ಅಂದೆ.

6/7
ಅಜ್ಜಿ ಕಾರ್ಯ ಮುಗಿದ ದಿನ ಅವರ ಜೊತೆ ಹಾಡ್ತಿದ್ದ ಒಬ್ಬ ಅಜ್ಜಿ ಹತ್ರ ಕೇಳಿದೆ, ಅವತ್ತು ಹಾಡಿದ್ದು ಯಾವುದು ಅಂತ. ಅವರು ನನ್ನ ಮುಖ ನೋಡಿ, "ಯಾವ ಹೊತ್ತಿಂದು?" ಅಂದ್ರು. ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಬೆರಳು ಮಡಚಿ ಎಣಿಸಿದ್ರು. ಮೊದಲು ದೇವರನ್ನ ನೆನೆಯೋದು. ಆಮೇಲೆ ಅರಿಶಿನ ಕುಟ್ಟೋದು. ಎಣ್ಣೆ ಹಚ್ಚೋದು. ಹಸೆಗೆ ಕರೆಯೋದು. ಬೀಗರನ್ನ ಛೇಡಿಸೋದು. ಊಟಕ್ಕೆ ಕೂತಾಗಿಂದು. ಕೊನೆಗೆ ಹುಡುಗೀನ ಒಪ್ಪಿಸೋದು. ಒಂದರ ಜಾಗದಲ್ಲಿ ಇನ್ನೊಂದು ಹಾಡಂಗಿಲ್ಲ. ಒಪ್ಪಿಸೋ ಹಾಡಿನ ಮುಂಚೆ ಬೀಗರ ಹಾಡು ಯಾಕಂದ್ರೆ, ನಗಿಸಿ ಆದ್ಮೇಲೇ ಅಳಿಸ್ಬೇಕು ಅಂತೆ.

ಅಲ್ಲಿಗೆ ನನಗೆ ಕ್ಯಾಂಟೀನ್ ಮಾತು ನೆನಪಾಯ್ತು. ಇದು ಟ್ರ್ಯಾಕ್‌ಲಿಸ್ಟ್ ಅಲ್ಲದೆ ಇನ್ನೇನ್ರಪ್ಪ? ಎಲ್‌ಪಿ ಮಾಡೋರು ಮೊದಲನೇ ಬದಿ ಯಾವುದರಿಂದ ಶುರು ಮಾಡ್ಬೇಕು, ತಟ್ಟೆ ತಿರುಗಿಸಿದ ಮೇಲೆ ಯಾವುದು ಬರಬೇಕು ಅಂತ ತಲೆ ಕೆಡಿಸ್ಕೊಳ್ತಿದ್ರು. ನಮ್ಮ ಓಣಿ ಅಜ್ಜೀರು ಅದನ್ನ ಮೊದಲೇ ಮುಗಿಸಿಟ್ಟಿದ್ರು. ಮೂವತ್ತು ಸೆಕೆಂಡಿಗೆ ಅದನ್ನ ಕತ್ತರಿಸಿದ್ರೆ ಹಾಡು ಸಿಗುತ್ತೆ, ಮದುವೆ ಸಿಗಲ್ಲ.

ನೀವು ಹೇಳೋದು ಗೊತ್ತು. "ಯಾರು ಕೇಳ್ತಾರೆ?" ನಿಜ, ಹೆಚ್ಚು ಜನ ಕೇಳಲ್ಲ. ನಾನೇ ನಲವತ್ತು ನಿಮಿಷ ಒಂದೇ ಆಲ್ಬಂ ಕೇಳೋದು ಇತ್ತೀಚೆಗೆ ಕಲಿತಿದ್ದು, ಅದೂ ಬಸ್ಸಲ್ಲಿ ನೆಟ್‌ವರ್ಕ್ ಹೋದಾಗ. ಟ್ರ್ಯಾಕ್ಟರ್‌ನಲ್ಲಿ ಹೊಡೆಯೋ ಜಾನಪದ ನನಗೂ ಇಷ್ಟ, ರೀಲ್ಸ್ ನಾನೂ ಮಾಡ್ತೀನಿ, ನಾಳೆನೂ ಮಾಡ್ತೀನಿ. ಆದ್ರೆ 'ಪಿಂಕ್ ಮೂನ್' ಬಂದಾಗಲೂ ಅದನ್ನ ಕೊಂಡವರು ತೀರಾ ಕಮ್ಮಿ. ಅವನು ಸತ್ತು ಎಷ್ಟೋ ವರ್ಷ ಆದ್ಮೇಲೆ ಜನ ಹುಡುಕ್ಕೊಂಡು ಬಂದ್ರು. ಬಂದಾಗ ಅದು ಅಲ್ಲಿತ್ತು. ನಮ್ಮಮ್ಮ ಬಂದಾಗ ನನ್ನ ಹತ್ರ ಇರಲಿಲ್ಲ.

7/7
ಅಜ್ಜೀರಲ್ಲಿ ಈಗ ಹಾಡೋರು ಇಬ್ಬರೇ ಉಳಿದಿರೋದು. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಕಿವಿ ಮಂದ. ಇಬ್ಬರೂ ಒಪ್ಕೊಂಡಿದಾರೆ. ಬರೋ ಭಾನುವಾರ ಹರಿಹರದಲ್ಲಿ, ಅಜ್ಜಿ ಮನೆ ಒಳಕೋಣೇಲಿ. ಬೆಳಗ್ಗೆ ಬೇಗ, ಆಟೋ ಹಾರ್ನು ಶುರುವಾಗೋ ಮುಂಚೆ. ಫ್ಯಾನ್ ಆಫ್, ಫ್ರಿಜ್ ಆಫ್, ಎಲ್ಲರ ಫೋನು ಫ್ಲೈಟ್ ಮೋಡ್. ದೇವಸ್ಥಾನದ ಗಂಟೆ ಬಂದ್ರೆ ಬರಲಿ, ಅದನ್ನ ತೆಗೆಯಲ್ಲ. ಹಾಡಿನ ಮಧ್ಯ ಯಾರೂ "ಅಜ್ಜಿ ಇನ್ನೊಂದ್ ಸಲ" ಅನ್ನಂಗಿಲ್ಲ. ಅವರು ಮರೆತು ನಿಂತ್ರೆ, ಒಬ್ಬರನ್ನೊಬ್ಬರು ಬೈಕೊಂಡ್ರೆ, ಅದೂ ಇರಲಿ. ಎತ್ತೋ ಹಾಡಿನ ಕ್ರಮ ಅವರದೇ.

ಪ್ರತಿ ಹಾಡಿನ ಕೆಳಗೆ ಅವರ ಹೆಸರು, ತವರೂರು, ಯಾರ ಹತ್ರ ಕಲಿತರು ಅಂತ ಬರೀಬೇಕು, ಅವರು ಒಪ್ಪಿದ್ರೆ. ಒಬ್ಬರು ಆಗಲೇ ಷರತ್ತು ಹಾಕಿದಾರೆ, "ಅತ್ತೆ ಹೆಸರು ಹಾಕ್ಬೇಡ, ಅವ್ವನ ಹೆಸರು ಹಾಕು."

ನನ್ನ ಹತ್ರ ಇರೋದು ಒಂದು ಫೋನು, ಅಣ್ಣನ ಹಳೇ ಲ್ಯಾಪ್‌ಟಾಪು. ಬೇಕಾಗಿರೋದು: ಒಂದು ಮೈಕು (ಕಾಲೇಜ್ ಫೆಸ್ಟಿಗೆ ತಂದಿದ್ಯಲ್ಲ, ನೀನೇ), ಕಿಟಕಿಗೆ ಕಟ್ಟೋಕೆ ನಾಲ್ಕು ದಪ್ಪ ಕಂಬಳಿ, ಕೈಬರಹ ಚೆನ್ನಾಗಿರೋ ಒಬ್ಬರು, ಮತ್ತೆ ಹಾಡಿನ ಮಧ್ಯ ನಗದೆ ಕೂರೋಕೆ ಬರೋ ಯಾರಾದ್ರೂ. ಆಲ್ಬಂ ಸತ್ತೋಯ್ತು ಅಂದವನೇ, ನೀನೂ ಬಾ, ನಿನಗೆ ಮಿಕ್ಸಿಂಗ್ ಬರುತ್ತೆ. ಮೊದಲನೇ ಬಸ್ಸಿಗೆ ಹತ್ತಿದ್ರೆ ಸಾಕು. ತಿಂಡಿ ಅಮ್ಮ ಮಾಡ್ತಾರೆ, ಮಂಡಕ್ಕಿ ಮಿರ್ಚಿ.

ಬರೋರು ಡಿಎಂ ಮಾಡಿ. ಬರಕ್ಕಾಗದೋರು ಇವತ್ತು ರಾತ್ರಿ ಫೋನಲ್ಲಿ ಏನಾದ್ರೂ ಅಳಿಸೋ ಮುಂಚೆ ಒಂದು ಸಲ ಪ್ಲೇ ಮಾಡಿ ನೋಡಿ.

#ಹರಿಹರ #ದಾವಣಗೆರೆ #ಅಜ್ಜಿಹಾಡು